ಟೂ ಡೋರೋ ಫೋರ್ ಡೋರೋ: ಎರಡು ಹೆರಾಲ್ಡ್‌ಗಳ ಕೆಲಸದ ದಾಖಲೆ

ಫೆಬ್ರುವರಿ, ಕೊನೆಯ ವಾರ

ಸಕಲೇಶಪುರ–ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಎರಡು ಹಳೇ ಕಾರು ನಿಂತಿವೆ. ಒಂದು ಎರಡು ಬಾಗಿಲಿನದು, ಇನ್ನೊಂದು ನಾಲ್ಕು ಬಾಗಿಲಿನ ಮಾರ್ಕ್ 3. ಎರಡಕ್ಕೂ 948 ಸಿಸಿ ಎಂಜಿನ್, ಎರಡಕ್ಕೂ ಬಾಡಿಯಿಂದ ಬೇರೆಯಾದ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು. ಬಾಡಿ ಎತ್ತಿಟ್ಟು ಕೆಲಸ ಮಾಡಲು ಶೆಡ್ಡಿನಲ್ಲಿ ಒಂದು ಗಾಡಿಗಷ್ಟೇ ಜಾಗ. ಜೂನ್ ಹುಟ್ಟುವುದರೊಳಗೆ ಒಂದರ ಚಾಸಿಗಾದರೂ ಬಣ್ಣ ಬಿದ್ದಿರಬೇಕು. ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಉಜ್ಜಿಟ್ಟ ತಗಡು ಒಂದು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಗಾಗುತ್ತದೆ, ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ಆದ್ದರಿಂದ ಯಾವುದು ಮೊದಲು ಎಂಬುದು ಈಗಲೇ ತೀರ್ಮಾನವಾಗಬೇಕು.

ನೋಡಿದವರೆಲ್ಲ ಎರಡು ಬಾಗಿಲಿನದಕ್ಕೇ ಕೈ ತೋರಿಸುತ್ತಾರೆ. ಇಟಲಿಯ ಮಿಕೆಲೊಟ್ಟಿ ಎಳೆದ ಗೆರೆ ಅದರಲ್ಲಿ ಕೆಡದೆ ಉಳಿದಿದೆ, ಚಂದವೂ ಅದೇ. ಆದರೆ ಅದನ್ನು ಕೂಪೆ ಎಂದು ಕರೆಯುವುದು ತಪ್ಪು. 1959ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಇದರ ಮೂಲವಾದ ಟ್ರಯಂಫ್ ಹೆರಾಲ್ಡ್ ಬಿಡುಗಡೆಯಾದಾಗ ಸಲೂನ್ ಎಂಬ ಮಾಮೂಲು ಮಾದರಿಯ ಜೊತೆಗೆ ನಿಜವಾದ ಕೂಪೆಯೂ ಬಂತು. ಅದರ ಚಾವಣಿ ಗಿಡ್ಡ, ಎಂಜಿನ್‌ಗೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಟ್ರಯಂಫ್‌ನದೇ ಸ್ಪೋರ್ಟ್ಸ್ ಕಾರು ಸ್ಪಿಟ್‌ಫೈರ್ ಬಂದ ಮೇಲೆ 1964ರಲ್ಲಿ ಅದನ್ನು ನಿಲ್ಲಿಸಿದರು. ಮದ್ರಾಸಿನಲ್ಲಿ ತಯಾರಾದ ಎರಡು ಬಾಗಿಲಿನ ಗಾಡಿ ಸಲೂನೇ. ಒಂದೇ ಕಾರ್ಬುರೇಟರ್, ಪೂರ್ತಿ ಉದ್ದದ ಚಾವಣಿ. ನಾಲ್ಕು ಬಾಗಿಲಿನದು ಮಾತ್ರ ಪೂರ್ತಿ ನಮ್ಮದು. ಇಂಗ್ಲೆಂಡಿನಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡ್ ಹುಟ್ಟಲೇ ಇಲ್ಲ. ಈ ಮಾತು ಮುಂದೆ ಬಿಡಿಭಾಗದ ಲೆಕ್ಕದಲ್ಲಿ ಮತ್ತೆ ಬರುತ್ತದೆ.

ಮಾರ್ಚ್, ಮೊದಲ ವಾರ: ಚಾಸಿ ತಟ್ಟಿ ನೋಡಿದ್ದು

ಬೇಕಾದದ್ದು ಒಂದು ಸಣ್ಣ ಸುತ್ತಿಗೆ, ತುದಿ ಚೂಪು ಮಾಡಿದ ಹಳೇ ಸ್ಕ್ರೂಡ್ರೈವರ್, ಸೀಮೆಸುಣ್ಣ, ಟಾರ್ಚ್. ಬಣ್ಣ ನೋಡಿ ಏನೂ ಗೊತ್ತಾಗುವುದಿಲ್ಲ. ತಟ್ಟಿದಾಗ ಠಣ್ ಎಂದರೆ ಗಟ್ಟಿ; ಡಬ್ ಎಂದರೆ ಒಳಗೆ ತುಕ್ಕಿನ ಪದರ ಇದೆ ಎಂದರ್ಥ, ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಒಳಗೆ ಇಳಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು.

ಹೆರಾಲ್ಡ್ ಚಾಸಿಯಲ್ಲಿ ನಡುವೆ ಉದ್ದಕ್ಕೂ ಎರಡು ಮುಖ್ಯ ಉಕ್ಕಿನ ತೊಲೆಗಳಿವೆ, ಅವಕ್ಕೆ ರೈಲು ಎನ್ನುತ್ತಾರೆ. ಅವುಗಳಿಂದ ಪಕ್ಕಕ್ಕೆ ಔಟ್‌ರಿಗ್ಗರ್ ಎಂಬ ತೋಳುಗಳು ಚಾಚಿಕೊಂಡು ಬಾಡಿಯನ್ನು ಹೊರುತ್ತವೆ. ತೋಳು ಕೊಳೆತರೆ ಕತ್ತರಿಸಿ ಹೊಸದು ಕೂರಿಸಬಹುದು. ಮುಖ್ಯ ರೈಲು ಕೊಳೆತರೆ ಆ ಗಾಡಿ ಬೇರೆಯದೇ ಕೆಲಸ. ಹಿಂದೆ ಡಿಫ್ (ಡಿಫರೆನ್ಷಿಯಲ್, ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ ಗೇರ್ ಪೆಟ್ಟಿಗೆ) ಕೂರುವ ಜಾಗದ ಸುತ್ತ ಕೆಸರು ಕಟ್ಟಿಕೊಂಡು ರೈಲು ತೂತಾಗುವುದು ಸಾಮಾನ್ಯ. ಅಲ್ಲಿ ಕೈ ಹಾಕಿ ಮಣ್ಣು ಕೆರೆದ ಮೇಲೆಯೇ ತಟ್ಟಬೇಕು. ಮಣ್ಣಿನ ಸಮೇತ ತಟ್ಟಿದರೆ ಒಳ್ಳೆಯ ತಗಡೂ ಡಬ್ ಎನ್ನುತ್ತದೆ.

ಎರಡು ಬಾಗಿಲಿನದು: ಎಡಗಡೆಯ ಎರಡೂ ತೋಳು ಹೋಗಿವೆ, ಡಿಕ್ಕಿಯ ಕೆಳಗಿನವೂ ಹೋಗಿವೆ. ಬಲ ರೈಲಿನಲ್ಲಿ ಡಿಫ್ ಪಕ್ಕ ಅಂಗೈ ಅಗಲದ ತೂತು. ನಾಲ್ಕು ಬಾಗಿಲಿನದು: ಎಡ ಮುಂದಿನ ಒಂದು ತೋಳು ಬಿಟ್ಟರೆ ಉಳಿದದ್ದು ಗಟ್ಟಿ, ರೈಲು ಪೂರ್ತಿ ಗಟ್ಟಿ.

ಬಾಡಿಯ ತಗಡಿನಲ್ಲಿ ತುಕ್ಕಿನ ಕಾರಣ ಎರಡರಲ್ಲೂ ಒಂದೇ. ಸಿಲ್ವರ್ ಓಕ್ ಎಲೆ ವೈಪರ್ ಮುಂದಿನ ಗಾಳಿ ಜಾಲರಿಯಿಂದ ಒಳಗಿಳಿದು ಕೊಳೆತು ನೀರು ಹೋಗುವ ದಾರಿ ಮುಚ್ಚಿದೆ. ಬಾಗಿಲ ತಳದ ತೂತುಗಳೂ ಹಾಗೇ ಕಟ್ಟಿಕೊಂಡಿವೆ. ಶೆಡ್ಡಿನಲ್ಲಿ ನಿಲ್ಲಿಸಿದ ಯಾವ ಹಳೇ ಗಾಡಿಯಾದರೂ ಸರಿ, ಮೇ ಕೊನೆಯಲ್ಲಿ ಒಂದು ಸೈಕಲ್ ಕಡ್ಡಿ ಹಿಡಿದು ಈ ತೂತುಗಳನ್ನೆಲ್ಲ ಬಿಡಿಸಿದರೆ ಬಾಗಿಲು ಹತ್ತು ವರ್ಷ ಹೆಚ್ಚು ಬಾಳುತ್ತದೆ. ಇಷ್ಟು ಸಣ್ಣ ಕೆಲಸ ಮಾಡದೆ ಎಷ್ಟೋ ಒಳ್ಳೆಯ ಬಾಗಿಲು ಗುಜರಿಗೆ ಹೋಗಿವೆ ಎಂಬುದು ಸಂಕಟದ ವಿಷಯ.

ಎರಡು ಬಾಗಿಲಿನದರ ಬಾಗಿಲು ಉದ್ದ, ಭಾರ. ತೆರೆದು ಹಿಡಿಕೆಯ ತುದಿಯನ್ನು ಮೇಲಕ್ಕೆ ಎತ್ತಿದಾಗ ಅಲುಗಾಡಿದರೆ ಎರಡು ಕಾರಣ ಇರಬಹುದು: ಹಿಂಜ್ ಪಿನ್ ಸವೆದಿರಬಹುದು, ಇಲ್ಲವೇ ಹಿಂಜ್ ಹಿಡಿದಿರುವ ಕಂಬದ ಬುಡವೇ ಕೊಳೆತಿರಬಹುದು. ಒಬ್ಬರು ಎತ್ತುವಾಗ ಇನ್ನೊಬ್ಬರು ಹಿಂಜ್ ಮೇಲೆ ಬೆರಳಿಡಬೇಕು. ಬಾಗಿಲು ಆಡಿ ಹಿಂಜ್ ನಿಂತರೆ ಪಿನ್. ಹಿಂಜ್ ಸಮೇತ ಆಡಿದರೆ ಕಂಬ. ಇಲ್ಲಿ ಎಡಗಡೆ ಕಂಬ, ಬಲಗಡೆ ಪಿನ್. ನಾಲ್ಕು ಬಾಗಿಲಿನದರಲ್ಲಿ ನೋಡಬೇಕಾದದ್ದು ನಡುಗಂಬದ ಬುಡ. ಒಳ್ಳೆಯದಿದೆ. ಹಿಂದಿನ ಎಡ ಬಾಗಿಲ ತಳದಲ್ಲಿ ಮಾತ್ರ ಒಂದಡಿ ಉದ್ದದ ತುಕ್ಕು, ಹೊರ ತಗಡು ಇನ್ನೂ ತೂತಾಗಿಲ್ಲ.

ಮಾರ್ಚ್, ಮೂರನೇ ವಾರ: ಎಂಜಿನ್

63 ಮಿ.ಮೀ. ಬೋರ್, 76 ಮಿ.ಮೀ. ಸ್ಟ್ರೋಕ್, ಕಬ್ಬಿಣದ ಬ್ಲಾಕು, ಹೆಡ್ಡೂ ಕಬ್ಬಿಣ. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುತ್ತದೆ, ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ನಾಲ್ಕು ಬಾಗಿಲಿನದು ಕೈಯಲ್ಲೇ ತಿರುಗಿತು. ಎರಡು ಬಾಗಿಲಿನದು ಜಾಮ್. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ 50 ಮಿ.ಲೀ.ನಷ್ಟು ಆಟೋಮ್ಯಾಟಿಕ್ ಗೇರ್ ಆಯಿಲ್ ಬಿಟ್ಟು ಆರು ದಿನ ಹಾಗೇ ಇಟ್ಟು, ಏಳನೇ ದಿನ ಪುಲ್ಲಿ ನಟ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿದ ಮೇಲೆ ಬಿಟ್ಟುಕೊಂಡಿತು. ಗಾಡಿಯನ್ನು ಗೇರಿನಲ್ಲಿ ಹಾಕಿ ಜೀಪಿನಲ್ಲಿ ಎಳೆಸಬಾರದು. ರಿಂಗು ಮುರಿದು ಬೋರ್ ಗೀರುತ್ತದೆ.

ಈ ಎಂಜಿನ್‌ನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕ್ರ್ಯಾಂಕ್‌ನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ, ಥ್ರಸ್ಟ್ ವಾಷರ್. ಹಿಂದಿನ ಮೇನ್ ಬೇರಿಂಗ್ ಅಕ್ಕಪಕ್ಕ ಅರ್ಧಚಂದ್ರದ ಎರಡು ವಾಷರ್ ಇರುತ್ತವೆ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ತಳ್ಳುವ ಬಲ ಇವುಗಳ ಮೇಲೆ ಬೀಳುತ್ತದೆ. ಸವೆದು ತೆಳುವಾದರೆ ಕಳಚಿ ಎಂಜಿನ್ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ನೊಳಗೆ, ಬೀಳುತ್ತವೆ, ಆಮೇಲೆ ಕ್ರ್ಯಾಂಕ್ ನೇರ ಬ್ಲಾಕನ್ನೇ ತಿನ್ನುತ್ತದೆ. ಒಬ್ಬರು ಕ್ಲಚ್ ಒತ್ತಿ ಬಿಡುವಾಗ ಮುಂದಿನ ಪುಲ್ಲಿಗೆ ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಹಿಡಿಯಬೇಕು. 0.10ರಿಂದ 0.20 ಮಿ.ಮೀ. ಇದ್ದರೆ ಸರಿ. ಕಣ್ಣಿಗೇ ಕಾಣುವಷ್ಟು ಆಡಿದರೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ನಾಲ್ಕು ಬಾಗಿಲಿನದರಲ್ಲಿ 0.28 ಬಂತು, ಎರಡು ಬಾಗಿಲಿನದರಲ್ಲಿ 0.45. ಸಂಪ್ ಇಳಿಸಿ, ಹಿಂದಿನ ಬೇರಿಂಗ್ ಕ್ಯಾಪ್ ತೆಗೆದು, ಎಂಜಿನ್ ಗಾಡಿಯಲ್ಲಿದ್ದಂತೆಯೇ ಓವರ್‌ಸೈಜ್ ವಾಷರ್ ತುರುಕಬಹುದು. ಎಣ್ಣೆಯ ತೋಡು ಕೊರೆದಿರುವ ಮುಖ ಕ್ರ್ಯಾಂಕ್ ಕಡೆಗಿರಬೇಕು. ತಿರುಗಾಮುರುಗಾ ಹಾಕಿದರೆ ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ.

ಉಳಿದದ್ದು ಮಾಮೂಲು: ಟ್ಯಾಪೆಟ್ ಸಂದು 0.25 ಮಿ.ಮೀ. ತಣ್ಣಗಿದ್ದಾಗ, ಪಾಯಿಂಟ್ ಸಂದು 0.38, ಪ್ಲಗ್ ಸಂದು 0.64, ಫೈರಿಂಗ್ ಆರ್ಡರ್ 1-3-4-2, 20ಡಬ್ಲ್ಯು-50 ಮಿನರಲ್ ಎಣ್ಣೆ.

ಪೆಟ್ರೋಲಿನ ವಿಷಯ ಬೇರೆಯೇ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಎರಡನ್ನೂ ಅದು ಮೆತ್ತಗಾಗಿಸುತ್ತದೆ. ಎಥನಾಲ್ ತಡೆಯುವ ದರ್ಜೆಯ ಪೈಪು, ಡಯಾಫ್ರಂ ಹಾಕದೆ ಸ್ಟಾರ್ಟ್ ಮಾಡುವುದು ಬೆಂಕಿಗೆ ದಾರಿ. ಎಥನಾಲ್ ನೀರನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಅರ್ಧ ಟ್ಯಾಂಕ್ ಇಟ್ಟು ನಾಲ್ಕು ತಿಂಗಳು ನಿಲ್ಲಿಸಿದರೆ ನೀರು ತಳಕ್ಕೆ ಕೂತು ಟ್ಯಾಂಕ್ ತಿನ್ನುತ್ತದೆ. ಮೇ ತಿಂಗಳಲ್ಲಿ ಟ್ಯಾಂಕ್ ಪೂರ್ತಿ ಬರಿದು ಮಾಡಿ ಒಣಗಿಸಿಡುವುದೇ ಸರಿ.

ಏಪ್ರಿಲ್, ಮೊದಲ ವಾರ: ಮುಂದೆ ಟ್ರನಿಯನ್, ಹಿಂದೆ ಪಟ್ಟಿ

ನಮ್ಮ ಕಡೆಯ ಗ್ಯಾರೇಜುಗಳು ಜೀಪಿನ ಮೇಲೆ ಪಳಗಿದವು. ಗ್ರೀಸ್ ತುಂಬುವ ಮೂತಿ (ನಿಪ್ಪಲ್) ಕಂಡರೆ ಗ್ರೀಸ್ ಗನ್ ಇಡುವುದು ಅಲ್ಲಿನ ಅಭ್ಯಾಸ. ಹೆರಾಲ್ಡಿನ ಮುಂದಿನ ಟ್ರನಿಯನ್‌ಗೆ ಅದೇ ವಿಷ. ಚಕ್ರ ಹೊರುವ ಉಕ್ಕಿನ ಕಂಬದ ಕೆಳತುದಿಯಲ್ಲಿ ಥ್ರೆಡ್ ಇದೆ, ಅದು ಕಂಚಿನ ಟ್ರನಿಯನ್ ಒಳಗೆ ತಿರುಗುತ್ತದೆ. ಸ್ಟೀರಿಂಗ್ ತಿರುಗುವುದೇ ಆ ಥ್ರೆಡ್ ಮೇಲೆ. ಅಲ್ಲಿಗೆ ಬೇಕಾದದ್ದು ಇಪಿ 90 ಗೇರ್ ಎಣ್ಣೆ. ಗ್ರೀಸ್ ಥ್ರೆಡ್ಡಿನ ತುದಿಯವರೆಗೆ ಹೋಗದೆ ಗಟ್ಟಿಯಾಗಿ ಕೂರುತ್ತದೆ, ನೀರು ಒಳಸೇರಿ ಉಕ್ಕು ತುಕ್ಕು ಹಿಡಿದು ಬಿರುಕು ಬಿಡುತ್ತದೆ. ಮುರಿಯುವುದು ಸಾಮಾನ್ಯವಾಗಿ ನಿಧಾನವಾಗಿ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ. ಚಕ್ರ ಮಡಚಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ಅದೇ ಚಾರ್ಮಾಡಿಯ ತಿರುವಿನಲ್ಲಿ ಆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕ್ರಮ ಇದು: ಚಕ್ರ ನೆಲ ಬಿಡುವಂತೆ ಜಾಕಿ ಕೊಟ್ಟು, ಟ್ರನಿಯನ್ನಿನ ಪ್ಲಗ್ ತೆಗೆದು ನಿಪ್ಪಲ್ ಹಾಕಿ, ಬೇರೆಯೇ ಇಟ್ಟುಕೊಂಡ ಗನ್ನಿನಲ್ಲಿ ಎಣ್ಣೆ ತುಂಬಿ, ಮೇಲಿನ ಸೀಲಿನಿಂದ ಎಣ್ಣೆ ಇಣುಕುವವರೆಗೆ ಒತ್ತುವುದು. ಹಳೇ ಗ್ರೀಸ್ ತುಂಬಿದ್ದರೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಲೇಬೇಕು. ಎಡ ಬಲದ ಥ್ರೆಡ್ ತಿರುಗುವ ದಿಕ್ಕು ಬೇರೆ ಬೇರೆ, ಅದಲುಬದಲು ಆಗಬಾರದು. ಎರಡು ಗಾಡಿಯ ನಾಲ್ಕೂ ಬಿಚ್ಚಿ ನೋಡಿದ್ದಾಯಿತು. ಎರಡು ಬಾಗಿಲಿನದರ ಬಲಗಡೆಯ ಕಂಬದ ಥ್ರೆಡ್ ಬುಡದಲ್ಲಿ ತುಕ್ಕಿನ ಗುಳಿ ಇದೆ, ಅದನ್ನು ಮತ್ತೆ ಹಾಕುವ ಪ್ರಶ್ನೆಯೇ ಇಲ್ಲ. ಬೆಸುಗೆ ಹಾಕಿ ಲೇತಿನಲ್ಲಿ ಥ್ರೆಡ್ ಕೊರೆಸುವ ಸಲಹೆಗೆ ಕಿವಿಗೊಡಬಾರದು.

ಹಿಂದೆ ಅಡ್ಡಲಾಗಿ ಒಂದೇ ಪಟ್ಟಿ ಸ್ಪ್ರಿಂಗ್, ಸ್ವಿಂಗ್ ಆಕ್ಸಲ್. ಅಂದರೆ ಎಡ ಬಲದ ಆಕ್ಸಲ್ ಡಿಫ್ ಬಳಿಯಿಂದ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಜಾಕಿಯಿಂದ ಇಳಿಸಿದ ಕೂಡಲೇ ಚಕ್ರಗಳ ತಳ ಒಳಕ್ಕೆ ಮಡಚಿಕೊಂಡಿರುತ್ತದೆ. ಹತ್ತು ಹೆಜ್ಜೆ ಮುಂದೆ ಹಿಂದೆ ತಳ್ಳಿದ ಮೇಲೆಯೇ ಅಳೆಯಬೇಕು. ಕಾಫಿ ಒಣಗಿಸುವ ಕಣದ ಸಿಮೆಂಟು ನೆಲ ಇದಕ್ಕೆ ಹೇಳಿ ಮಾಡಿಸಿದ ಜಾಗ, ಇಳಿಜಾರು ಇಲ್ಲದ ಮೂಲೆ ಹುಡುಕಿಕೊಂಡರೆ ಸಾಕು. ಖಾಲಿ ಗಾಡಿಯಲ್ಲೂ ಚಕ್ರದ ತಲೆ ಎದ್ದು ಕಾಣುವಷ್ಟು ಒಳಕ್ಕೆ ವಾಲಿದ್ದರೆ ಪಟ್ಟಿ ಕುಸಿದಿದೆ. ಎರಡೂ ಕುಸಿದಿವೆ. ಡ್ಯಾಂಪರ್ ಬಿಚ್ಚುವ ಮುಂಚೆ ಚಕ್ರದ ಕಂಬದ ಕೆಳಗೆ ಜಾಕಿ ಇರಲೇಬೇಕು.

ಘಟ್ಟ ಇಳಿಯುವವರಿಗೆ ಒಂದು ಮಾತು: ಈ ಆಕ್ಸಲ್ ತಿರುವಿನ ನಡುವೆ ಬ್ರೇಕ್ ಸಹಿಸುವುದಿಲ್ಲ. ಹಿಂಭಾಗ ಎದ್ದು ಹೊರಗಿನ ಚಕ್ರ ಒಳಕ್ಕೆ ಮಡಚುತ್ತದೆ. ವೇಗ ಇಳಿಸುವುದು ತಿರುವಿಗೆ ಮುಂಚೆ, ತಿರುವಿನಲ್ಲಿ ಹದವಾಗಿ ಆಕ್ಸಿಲರೇಟರ್. ಇಲ್ಲಿನ ಗಿರಾಕಿಗಳೂ ಮೆಕ್ಯಾನಿಕ್‌ಗಳೂ ಇದನ್ನು ಒಪ್ಪದ ಕಾರಣಕ್ಕೇ ಮುಂದೆ ಬಂದ ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಗೆಝಲ್ ಕಾರಿಗೆ ಮಾಮೂಲು ಗಟ್ಟಿ ಆಕ್ಸಲ್ ಕೊಟ್ಟರು.

ಏಪ್ರಿಲ್, ಮೂರನೇ ವಾರ: ತೀರ್ಮಾನ

ಹೆರಾಲ್ಡ್ ಬಾಡಿ ತುಂಡು ತುಂಡಾಗಿ ಬೋಲ್ಟಿನಲ್ಲಿ ಜೋಡಿಸಿದ್ದು. ಬಾಡಿ ಒತ್ತಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಾರ್ಖಾನೆ ಎದುರಾಳಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಪಾಲಾದಾಗ, ಇಡೀ ಬಾಡಿ ಒಂದೇ ಕಡೆ ಮಾಡಿಸಲಾಗದೆ ಸ್ಟ್ಯಾಂಡರ್ಡ್ ಟ್ರಯಂಫ್‌ನವರು ಈ ದಾರಿ ಹಿಡಿದರು. ಅವರ ಆ ಇಕ್ಕಟ್ಟಿನ ಲಾಭ ಇವತ್ತು ನಮಗೆ. ಔಟ್‌ರಿಗ್ಗರ್, ಸಿಲ್ (ಬಾಗಿಲ ಕೆಳಗಿನ ಪಟ್ಟಿ), ನೆಲದ ತಗಡು, ಟ್ರನಿಯನ್, ಥ್ರಸ್ಟ್ ವಾಷರ್ ಎಲ್ಲ ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತವೆ. ಅಂದರೆ ಎರಡು ಬಾಗಿಲಿನ ಗಾಡಿಯಲ್ಲಿ ಕೆಟ್ಟಿರುವುದೆಲ್ಲ ತರಿಸಬಹುದಾದದ್ದು. ಇಂದು ತರಿಸಿದರೂ ಅದೇ, ಮೂರು ವರ್ಷ ಬಿಟ್ಟು ತರಿಸಿದರೂ ಅದೇ.

ನಾಲ್ಕು ಬಾಗಿಲಿನದರ ಹಿಂದಿನ ಬಾಗಿಲು, ನಡುಗಂಬ, ಬಾಗಿಲ ರಬ್ಬರು, ಗಾಜು ಇವುಗಳನ್ನು ಹೊರಗಿನಿಂದ ತರಿಸಲು ಆಗದು, ಅಲ್ಲಿ ಅವು ಇರಲೇ ಇಲ್ಲ. ಇಲ್ಲಿ ಗುಜರಿಯಲ್ಲಿ ಸಿಕ್ಕರೆ ಉಂಟು, ಇಲ್ಲವಾದರೆ ಟಿಂಕರಿಂಗ್‌ನವರ ಕೈಯಿಂದಲೇ ಆಗಬೇಕು. ಸದ್ಯ ಅವೆಲ್ಲ ಗಟ್ಟಿ ಇವೆ. ಇನ್ನೊಂದೆರಡು ಮಳೆಗಾಲ ಆ ಎಡ ಹಿಂದಿನ ಬಾಗಿಲನ್ನು ಹಾಗೇ ಬಿಟ್ಟರೆ ಇರುವುದಿಲ್ಲ.

ಆದ್ದರಿಂದ ಮೊದಲು ನಾಲ್ಕು ಬಾಗಿಲಿನದು. ಎರಡು ಬಾಗಿಲಿನದನ್ನು ಚಂದ ಮಾಡಲು ಇದರಿಂದ ಭಾಗ ಕೀಳುವುದು ಬೇಡ, ಅದರ ರೈಲಿಗೆ ಇದರ ಚಾಸಿ ಕೊಡುವುದೂ ಬೇಡ. ಬೇರೆ ಗಾಡಿಯ ಎಂಜಿನ್ ತುರುಕುವ ಮಾತೂ ಬೇಡ: 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದಲ್ಲಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ಗಾಡಿಗೆ ಮಾತ್ರ ಅವಕಾಶ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕೆ ಆ ನೋಂದಣಿ ಅಲ್ಲ. ಪೇಟೆಗೆ ಹೋಗಿ ಬರಲು ಬೇಕಿದ್ದರೆ ಮಾಮೂಲು ಆರ್‌ಸಿ ನವೀಕರಿಸಿಕೊಳ್ಳಬೇಕು.

ಮೇ, ಎರಡನೇ ವಾರ

ಬಾಡಿ ಎತ್ತುವ ಮುಂಚೆ ಬಾಗಿಲ ತೆರಪುಗಳಿಗೆ ಅಡ್ಡ ಪೈಪು ಬೆಸೆಯಬೇಕು, ಇಲ್ಲವಾದರೆ ಬಾಡಿ ನಡುವೆ ಬಾಗುತ್ತದೆ. ನಾಲ್ಕು ತೆರಪಿಗೂ 20 ಮಿ.ಮೀ. ಚೌಕ ಪೈಪು, ಪ್ರತಿ ತೆರಪಿಗೆ ಒಂದು ನೇರ, ಒಂದು ಓರೆ. ಬಾಡಿ ಬೋಲ್ಟಿನ ಕೆಳಗಿದ್ದ ಪ್ಯಾಕಿಂಗ್ ತಗಡುಗಳನ್ನು ಎಣಿಸಿ, ಯಾವ ಬೋಲ್ಟಿಗೆ ಎಷ್ಟು ಎಂದು ಬರೆದು, ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದೆ. ಬಾಗಿಲ ಸಂದು ಸರಿ ಬರುವುದು ಆ ತಗಡುಗಳಿಂದಲೇ. ಪುಟ್ಟಿಯಿಂದ ಸರಿ ಮಾಡಲು ಹೋದರೆ ಮೊದಲ ಕೆಟ್ಟ ರಸ್ತೆಯಲ್ಲೇ ಒಡೆಯುತ್ತದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಮೂರು ದಿನ ಮೊದಲೇ ಡೀಸೆಲ್ ಬಿಟ್ಟಿದ್ದರಿಂದ ಎರಡೇ ಮುರಿದವು.

ಎಡ ಮುಂದಿನ ತೋಳನ್ನು ಬಾಡಿ ಚಾಸಿಯ ಮೇಲೆ ಕೂತಿರುವಾಗಲೇ ಕತ್ತರಿಸಬಾರದು ಎನ್ನುವವರಿದ್ದಾರೆ. ಇಲ್ಲಿ ಮಾಡಿದ್ದು ಬೇರೆ ರೀತಿ: ಬಾಡಿ ಕೂತಿರುವಾಗಲೇ ಹೊಸ ತೋಳನ್ನು ಬಾಡಿಯ ಬೋಲ್ಟಿಗೆ ಹಿಡಿಸಿ, ರೈಲಿಗೆ ನಾಲ್ಕು ಕಡೆ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ, ಆಮೇಲೆ ಬಾಡಿ ಎತ್ತಿ ಪೂರ್ತಿ ಬೆಸೆದದ್ದು. ಹೀಗೆ ಮಾಡಿದರೆ ಬೋಲ್ಟಿನ ತೂತು ತಪ್ಪುವುದಿಲ್ಲ. ಚಾಸಿಯ ಎರಡು ಕರ್ಣ ಅಳೆದಾಗ ವ್ಯತ್ಯಾಸ 2 ಮಿ.ಮೀ. ಬಂತು.

ರೈಲಿನ ಒಳಗೆ ಮೇಣ ಬೆರೆತ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಿ, ಹೊರಗೆ ಜಿಂಕ್ ಪ್ರೈಮರ್ ಎರಡು ಕೋಟ್, ಕಪ್ಪು ಎರಡು ಕೋಟ್ ಆಗಿದೆ. ಥ್ರಸ್ಟ್ ವಾಷರ್ ಹಾಕಿದ ಮೇಲೆ ಆಟ 0.14ಕ್ಕೆ ಇಳಿದಿದೆ. ಎಡ ಹಿಂದಿನ ಬಾಗಿಲ ತಳಕ್ಕೆ 20 ಗೇಜ್ ತಗಡು ಮಡಚಿ ಬೆಸೆಯುವುದು, ಪಟ್ಟಿ ಸ್ಪ್ರಿಂಗನ್ನು ಹಾಸನಕ್ಕೆ ಒಯ್ದು ಕಮಾನು ಏರಿಸುವುದು ಬಾಕಿ.

ಎರಡು ಬಾಗಿಲಿನದನ್ನು ಇಟ್ಟಿಗೆ ಬಿಟ್ಟು ಮರದ ದಿಮ್ಮಿಯ ಮೇಲೆ ಏರಿಸಿದೆ. ಟ್ಯಾಂಕ್ ಬರಿದು, ಬಾಗಿಲ ತೂತುಗಳು ತೆರೆದಿವೆ, ಸಿಲಿಂಡರಿನಲ್ಲಿ ಎಣ್ಣೆ ಇದೆ, ಗಾಳಿ ಜಾಲರಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದೆ. ತಿಂಗಳಿಗೊಮ್ಮೆ ಪುಲ್ಲಿಯನ್ನು ಕಾಲು ಸುತ್ತು ತಿರುಗಿಸಲು ಪಾನಾವನ್ನು ಅಲ್ಲೇ ಕಂಬಕ್ಕೆ ನೇತುಹಾಕಿದೆ.