ಹದಿನೈದನೆಯ ವಿಧಿಯಲ್ಲಿರುವ ಬಾವಿ

ನಾನು ಈ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದ್ದು 1979-80ನೆಯ ಸಾಲಿನಲ್ಲಿ. ಪೌರನೀತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ಬಂದಾಗ ನಮ್ಮ ಇತಿಹಾಸದ ಗುರುಗಳು ಪಠ್ಯಪುಸ್ತಕವನ್ನು ಮುಚ್ಚಿಟ್ಟು, ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವನ್ನು ತಾವೇ ಕನ್ನಡಕ್ಕೆ ತಿರುಗಿಸಿ ಕರಿಹಲಗೆಯ ಮೇಲೆ ಬರೆದರು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂಬ ನಾಲ್ಕು ಪದಗಳ ಕೆಳಗೆ ಗೆರೆ ಎಳೆದು, ಇಷ್ಟು ದೊಡ್ಡ ದೇಶದ ಸಂವಿಧಾನದಲ್ಲಿ ಊರೊಳಗಿನ ಬಾವಿಗೇನು ಕೆಲಸ ಎಂದು ಕೇಳಿದರು. ನಮ್ಮಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಉತ್ತರ ಹೇಳಲು ಅವರು ತೆಗೆದುಕೊಂಡದ್ದು ಮೂರು ದಿನಗಳ ಮೂರು ತಾಸುಗಳನ್ನು. ಪರೀಕ್ಷೆಯಲ್ಲಿ ಅದರ ಮೇಲೆ ಒಂದು ಅಂಕದ ಪ್ರಶ್ನೆಯೂ ಬರಲಿಲ್ಲ. ಆದರೆ ನಾಲ್ಕು ದಶಕಗಳ ಬಳಿಕವೂ ಈ ಶಾಲೆಯಿಂದ ನನ್ನೊಡನೆ ಉಳಿದಿರುವುದು ಅದೇ ಪಾಠ.

ಅವರು ನಮ್ಮನ್ನು ಕೊಂಕಣದ ಕುಲಾಬಾ ಜಿಲ್ಲೆಯ ಮಹಾಡ ಎಂಬ ಊರಿಗೆ ಕರೆದೊಯ್ದರು. ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಬಳಸಬಹುದು ಎಂಬ ಎಸ್. ಕೆ. ಬೋಲೆಯವರ ಠರಾವನ್ನು ಮುಂಬಯಿ ಶಾಸನಸಭೆಯು 1923ರಲ್ಲಿ ಅಂಗೀಕರಿಸಿತ್ತು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳೆಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವಾದ್ದರಿಂದ ಆ ಠರಾವು ನಮ್ಮ ಅಜ್ಜಂದಿರಿಗೂ ಸಂಬಂಧಿಸಿದ್ದೇ ಆಗಿತ್ತು ಎಂದು ಗುರುಗಳು ಒತ್ತಿ ಹೇಳಿದ್ದರು. ಮಹಾಡದ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಿತು. ಕಾಗದದಲ್ಲಿ ತೆರೆದ ಆ ಕೆರೆಗೆ ಮೂರು ವರ್ಷವಾದರೂ ಒಬ್ಬ ದಲಿತನೂ ಇಳಿಯಲಾಗಲಿಲ್ಲ.

1927ರ ಮಾರ್ಚ್ 19 ಮತ್ತು 20ರಂದು ಡಾ. ಅಂಬೇಡ್ಕರ್ ಅವರ ಅಧ್ಯಕ್ಷತೆಯಲ್ಲಿ ಅಲ್ಲಿ ಪರಿಷತ್ತು ನಡೆಯಿತು. ನೆರೆದ ಸಾವಿರಾರು ಜನರಿಗೆ ಕುಡಿಯಲು ನಲವತ್ತು ರೂಪಾಯಿ ಕೊಟ್ಟು ನೀರು ಕೊಳ್ಳಬೇಕಾಯಿತಂತೆ, ಅದೂ ತುಂಬಿದ ಕೆರೆಯಿದ್ದ ಊರಿನಲ್ಲಿ. ಎರಡನೆಯ ದಿನ ಅವರೆಲ್ಲರೂ ಸಾಲಾಗಿ ಕೆರೆಗೆ ನಡೆದರು. ಅಂಬೇಡ್ಕರ್ ಬೊಗಸೆಯಲ್ಲಿ ನೀರು ತೆಗೆದು ಕುಡಿದರು, ಉಳಿದವರೂ ಕುಡಿದರು. ಅವರು ಗುಡಿಯನ್ನೂ ಹೊಗಲಿದ್ದಾರೆಂಬ ಗಾಳಿಸುದ್ದಿ ಹಬ್ಬಿ, ಊಟಕ್ಕೆ ಕುಳಿತವರ ಮೇಲೂ ಊರಿಗೆ ಮರಳುತ್ತಿದ್ದವರ ಮೇಲೂ ದೊಣ್ಣೆಗಳು ಬಿದ್ದವು. ತಿರುಗಿ ಹೊಡೆಯಬಲ್ಲ ನಿವೃತ್ತ ಸೈನಿಕರು ಅವರಲ್ಲಿ ಇದ್ದರೂ ಅಂಬೇಡ್ಕರರೇ ಆ ಸೈನಿಕರನ್ನು ತಡೆದರು. ಮೇಲ್ಜಾತಿಯವರು ನೂರೆಂಟು ಕೊಡ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ಈ ಮಾತು ಬಂದಾಗ ಗುರುಗಳು ಕ್ಷಣಹೊತ್ತು ಕಿಟಕಿಯ ಕಡೆ ತಿರುಗಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದೆ.

ಡಿಸೆಂಬರಿನಲ್ಲಿ ಎರಡನೆಯ ಪರಿಷತ್ತು ಸೇರುವಷ್ಟರಲ್ಲಿ ಎದುರಾಳಿಗಳು ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಈ ನೀರು ಕುಡಿಯದೆ ತಾವೇನೂ ಸತ್ತಿಲ್ಲವೆಂದೂ, ತಾವೂ ಎಲ್ಲರಂತೆ ಮನುಷ್ಯರೆಂದು ಸ್ಥಾಪಿಸಲಿಕ್ಕಾಗಿಯೇ ಕೆರೆಗೆ ಹೋಗುವುದೆಂದೂ ಅಂಬೇಡ್ಕರ್ ಅಲ್ಲಿ ಹೇಳಿದರು. ಡಿಸೆಂಬರ್ 25ರಂದು ಮನುಸ್ಮೃತಿಯ ಪ್ರತಿಯನ್ನು ಸುಟ್ಟರು. ಕೆರೆಯ ವಿಷಯದಲ್ಲಿ ಮಾತ್ರ ನ್ಯಾಯಾಲಯದ ಆಜ್ಞೆಯನ್ನು ಮೀರದೆ, ನೀರು ಮುಟ್ಟದೆ ಮೆರವಣಿಗೆ ನಡೆಸಿ ಹಿಂದಿರುಗಿದರು. ನೀರು ಮುಟ್ಟಿದ ಮಾರ್ಚಿಗಿಂತ ಮುಟ್ಟದೆ ಮರಳಿದ ಈ ಡಿಸೆಂಬರೇ ಹೆಚ್ಚು ಕಠಿಣವಾಗಿತ್ತೆಂದು ನನಗೆ ಇಂದಿಗೂ ಅನ್ನಿಸುತ್ತದೆ, ಏಕೆಂದರೆ ತಮ್ಮನ್ನು ಎಂದೂ ಕಾಯದಿದ್ದ ಕಾನೂನಿನ ಮೇಲೆ ಅವರು ಅಂದು ಭಾರ ಹಾಕಿದರು. ಆ ದಾವೆ ಸುಮಾರು ಹತ್ತು ವರ್ಷ ನಡೆಯಿತು. ಅಸ್ಪೃಶ್ಯರನ್ನು ಕೆರೆಯಿಂದ ದೂರವಿಡುವುದು ಅನಾದಿಕಾಲದ ರೂಢಿ ಎಂಬುದು ಎದುರಾಳಿಗಳ ವಾದವಾಗಿತ್ತು. ಅಂಥ ರೂಢಿ ಸಾಬೀತಾಗಿಲ್ಲವೆಂದು ಮುಂಬಯಿ ಹೈಕೋರ್ಟು 1937ರ ಮಾರ್ಚ್ 17ರಂದು ತೀರ್ಪಿತ್ತಿತು. ಸಂವಿಧಾನದಲ್ಲಿ ಬಾವಿ, ಕೆರೆಗಳ ಹೆಸರು ಏಕಿದೆ ಎಂಬ ಪ್ರಶ್ನೆಗೆ ಉತ್ತರ ಇಷ್ಟು ಹೊತ್ತಿಗೆ ನಮಗೆಲ್ಲ ತಿಳಿದಿತ್ತು.

ನಮ್ಮೂರಿನಿಂದ ಈ ಶಾಲೆಗೆ ಬರುತ್ತಿದ್ದವರು ನಾವಿಬ್ಬರೇ, ನಾನು ಮತ್ತು ಕೇರಿಯ ನನ್ನ ಗೆಳೆಯ. ಶಾಲೆಯಲ್ಲಿ ಒಂದೇ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದ ನಾವು ಊರು ಸೇರಿದೊಡನೆ ಬೇರೆಯಾಗುತ್ತಿದ್ದೆವು. ನಮ್ಮೂರ ಬಾವಿಯ ಕಟ್ಟೆಯನ್ನು ಅವನ ಮನೆಯವರು ಹತ್ತುವಂತಿರಲಿಲ್ಲ. ಕೆಳಗೆ ಕೊಡ ಇಟ್ಟು, ಯಾರಾದರೂ ಸೇದಿ ಸುರಿಯುವವರೆಗೆ ಕಾಯಬೇಕಾಗಿತ್ತು. 1955ರಿಂದಲೇ ಇದು ಶಿಕ್ಷಾರ್ಹ ಅಪರಾಧವಾಗಿತ್ತು. ನಾನೂ ಎಷ್ಟೋ ಬೆಳಗು ಹಾಗೆ ಸುರಿದಿದ್ದೇನೆ, ಉಪಕಾರ ಮಾಡಿದೆನೆಂದೇ ತಿಳಿದು.

ಮೂರನೆಯ ದಿನದ ಪಾಠ ಮುಗಿಸಿ ನಡೆದು ಹೋಗುವಾಗ ಅರ್ಧ ದಾರಿಯವರೆಗೆ ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಅವನು, "ನಿಮ್ಮವ್ವ ಚೆಲ್ಲದಂಗ ನೀರು ಹಾಕತಾಳ. ಬ್ಯಾರೆಯವರು ಹಂಗಲ್ಲ, ಅರ್ಧ ನೆಲಕ್ಕ ಹೋಗತದ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಒಲೆಯ ಮುಂದೆ ಕುಳಿತಿದ್ದ ಅವ್ವನನ್ನು, ಅವರೇಕೆ ತಾವೇ ಸೇದಿಕೊಳ್ಳಬಾರದು ಎಂದು ಕೇಳಿದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಹಿಂದಿನಿಂದ ನಡಕೊಂಡು ಬಂದದ್ದಪ್ಪ" ಎಂದಳು. ಹೈಕೋರ್ಟು ಸಾಬೀತಾಗಿಲ್ಲವೆಂದು ತಳ್ಳಿಹಾಕಿದ ಮಾತೇ ಅದು ಎಂದು ನಾನು ಹೇಳಿದೆ. ಹೈಕೋರ್ಟು ಎಂದರೇನೆಂದು ಅವ್ವ ಕೇಳಿದಳು, ಮತ್ತು ಗುರುಗಳು ಮೂರು ದಿನ ಹೇಳಿದ್ದನ್ನೆಲ್ಲ ನಾನು ಅವಳಿಗೆ ಮೊದಲಿನಿಂದ ಹೇಳತೊಡಗಿದೆ.