ಹಾಲಿನ ಲೈನಿಗೆ ಗ್ಯಾಸ್ಕೆಟ್ ಆರಿಸಲು ಹಾಲನ್ನಷ್ಟೇ ನೋಡಿದರೆ ಸಾಲದು

ಡೈರಿಯ ಮೇಂಟೆನೆನ್ಸ್ ವಿಭಾಗದಲ್ಲಿ ಗ್ಯಾಸ್ಕೆಟ್ (ಪೈಪಿನ ಜೋಡಣೆ ಸೋರದಂತೆ ನಡುವೆ ಕೂರಿಸುವ ರಿಂಗು ಅಥವಾ ಹಾಳೆ) ಬದಲಾಯಿಸುವುದೆಂದರೆ ಸ್ಟೋರಿನಲ್ಲಿ ಅಳತೆಗೆ ಸಿಕ್ಕ ರಿಂಗನ್ನು ತಂದು ಕೂರಿಸಿ, ಯೂನಿಯನ್ ನಟ್ಟನ್ನು ಬಿಗಿದು ಮುಂದಿನ ಕೆಲಸಕ್ಕೆ ಹೋಗುವುದು ಎಂಬ ರೂಢಿ ಬಲವಾಗಿ ಬೇರೂರಿದೆ. ಅಳತೆ ಸರಿಯಿದ್ದರೆ ಸಾಕು, ರಬ್ಬರ್ ಯಾವುದಾದರೇನು ಎಂಬ ಮಾತನ್ನು ಅನುಭವಿಗಳ ಬಾಯಲ್ಲೂ ಕೇಳಿದ್ದೇನೆ. ಆದರೆ ಒಂದೇ ಡೈರಿಯ ಕಾಂಪೌಂಡಿನೊಳಗೆ 4 ಡಿಗ್ರಿಯ ಹಾಲು, 80 ಡಿಗ್ರಿಯ ಕಾಸ್ಟಿಕ್ ಸೋಡಾ, 110 ಡಿಗ್ರಿ ದಾಟಿದ ತುಪ್ಪ, 180 ಡಿಗ್ರಿ ಮೀರಿದ ಸ್ಟೀಮ್, ತಂಪು ಮಾಡಲು ಬಳಸುವ, ಸೊನ್ನೆಗಿಂತ ಕೆಳಗಿಳಿದ ಅಮೋನಿಯ ಎಲ್ಲವೂ ಹರಿಯುತ್ತಿರುತ್ತವೆ. ಇವೆಲ್ಲಕ್ಕೂ ಒಗ್ಗುವ ಒಂದು ರಬ್ಬರ್ ಇಲ್ಲ. ಒಂದು ಲೈನಿನಲ್ಲಿ ಹೆಚ್ಚು ಹೊತ್ತು ಏನು ಹರಿಯುತ್ತದೆ ಎಂಬುದನ್ನು ನೋಡಿ ಗ್ಯಾಸ್ಕೆಟ್ ಆರಿಸುವುದು ಸಾಮಾನ್ಯ ಪದ್ಧತಿ. ಇಡೀ ದಿನದಲ್ಲಿ ಅದರ ಮೇಲೆ ಬೀಳುವ ಅತಿ ಕಠಿಣ ಗಳಿಗೆ ಯಾವುದು ಎಂದು ಕೇಳಿ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಲನ್ನು ಕಾಯಿಸಿ ರೋಗಾಣು ಕೊಲ್ಲುವ ಪಾಶ್ಚರೈಸರನ್ನೇ ತೆಗೆದುಕೊಳ್ಳೋಣ. ಹಾಲು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ಸೆಕೆಂಡು ಇದ್ದು, ಮತ್ತೆ ತಣ್ಣಗಾಗಿ ಸೈಲೋ ಎಂಬ ದೊಡ್ಡ ಟ್ಯಾಂಕನ್ನು ಸೇರುತ್ತದೆ. ಇಷ್ಟಕ್ಕಾದರೆ ನೈಟ್ರೈಲ್ ರಬ್ಬರ್ ಧಾರಾಳವಾಗಿ ಸಾಕು. ಅದು ಜಿಡ್ಡಿಗೆ ಜಗ್ಗುವುದಿಲ್ಲ, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಹಾಲಿನ ಓಟ ಮುಗಿದ ಕೂಡಲೇ ಅದೇ ಪೈಪಿನಲ್ಲಿ ಸಿಐಪಿ, ಎಂದರೆ ಬಿಚ್ಚದೆಯೇ ಒಳಗಿನಿಂದ ತೊಳೆಯುವ ಕೆಲಸ, ಆರಂಭವಾಗುತ್ತದೆ: ಸಾಮಾನ್ಯವಾಗಿ ಶೇ. 1ರಿಂದ 1.5ರಷ್ಟು ಕಾಸ್ಟಿಕ್ ಸೋಡಾ 75–80 ಡಿಗ್ರಿಯಲ್ಲಿ, ಆಮೇಲೆ ಶೇ. 1ರ ಆಸುಪಾಸಿನ ನೈಟ್ರಿಕ್ ಆಸಿಡ್ 60–70 ಡಿಗ್ರಿಯಲ್ಲಿ, ಕೊನೆಗೆ ಬಿಸಿನೀರಿನ ಸ್ಟೆರಿಲೈಸೇಷನ್. ನೈಟ್ರೈಲನ್ನು ಸವೆಸುವುದು ಹಾಲಲ್ಲ, ಈ ಆಸಿಡ್ ಮತ್ತು ಬಿಸಿನೀರು. ಅದು ಮೆಲ್ಲಗೆ ಗಡಸಾಗಿ, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಹಾಲಿನ ಶೇಷ ಕೂರುತ್ತದೆ, ಸಿಐಪಿ ಎಷ್ಟು ಮಾಡಿದರೂ ಬ್ಯಾಕ್ಟೀರಿಯಾ ಕೌಂಟ್ ಇಳಿಯುವುದಿಲ್ಲ. ಲ್ಯಾಬಿನವರು ಕೆಮಿಕಲ್ ಸ್ಟ್ರೆಂಗ್ತ್ ಸಾಲದೆಂದು ಹೆಚ್ಚಿಸುತ್ತಾರೆ, ಆಗ ಗ್ಯಾಸ್ಕೆಟ್ ಇನ್ನಷ್ಟು ಬೇಗ ಹಾಳಾಗುತ್ತದೆ. ಬಿಸಿ ಕಾಸ್ಟಿಕ್, ತೆಳು ನೈಟ್ರಿಕ್, ಬಿಸಿನೀರು ಈ ಮೂರನ್ನೂ ತಾಳುವ ಇಪಿಡಿಎಂ ಎಂಬ ಕೃತಕ ರಬ್ಬರ್ ಹಾಲಿನ ಲೈನಿಗೆ ಸರಿಯಾದ ಆಯ್ಕೆ.

ಹಾಗೆಂದು ಇಡೀ ಡೈರಿಗೆ ಇಪಿಡಿಎಂ ತರಿಸಿಬಿಟ್ಟರೆ ತೊಂದರೆ ತುಪ್ಪದ ವಿಭಾಗದಲ್ಲಿ ತಲೆದೋರುತ್ತದೆ. ಇಪಿಡಿಎಂ ಎಣ್ಣೆ, ಜಿಡ್ಡನ್ನು ಹೀರಿಕೊಂಡು ಉಬ್ಬುವ ಜಾತಿಯ ರಬ್ಬರ್. ಟೋನ್ಡ್ ಹಾಲಿನ ಶೇ. 3, ಫುಲ್ ಕ್ರೀಮ್ ಹಾಲಿನ ಶೇ. 6ರಷ್ಟು ಕೊಬ್ಬು ಅದಕ್ಕೆ ಬಾಧಕವಲ್ಲ. ಕೆನೆ ಬೇರ್ಪಡಿಸುವ ಸೆಪರೇಟರಿನಿಂದ ಹೊರಬರುವ ಗಟ್ಟಿ ಕ್ರೀಮು, ಬಹುಪಾಲು ಕೊಬ್ಬೇ ಆಗಿರುವ ಬಿಸಿ ತುಪ್ಪದ ಮಾತು ಬೇರೆ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ರಬ್ಬರನ್ನು ಅದುಮಿದರೆ ಅದರ ಆಕಾರ ಬದಲಾಗುತ್ತದೆಯೇ ಹೊರತು ಗಾತ್ರ ಕುಗ್ಗುವುದಿಲ್ಲ. ಆದ್ದರಿಂದಲೇ ರಿಂಗು ಕೂರುವ ಗ್ರೂವಿನಲ್ಲಿ (ತೋಡಿನಲ್ಲಿ) ಅದಕ್ಕೆ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಜಿಡ್ಡು ಕುಡಿದು ಉಬ್ಬಿದ ರಿಂಗು ಆ ಜಾಗವನ್ನು ತುಂಬಿ, ಹೋಗಲು ದಾರಿಯಿಲ್ಲದೆ ಪೈಪಿನ ಒಳಗೆ ನಾಲಗೆಯಂತೆ ಚಾಚಿಕೊಳ್ಳುತ್ತದೆ. ಹರಿವಿಗೆ ಸಿಕ್ಕಿ ಅದರ ಚೂರು ಕಿತ್ತುಬಂದರೆ ತುಪ್ಪದ ಡಬ್ಬಿಯನ್ನು ಸೇರುವ ಅಪಾಯವಿದೆ. ತುಪ್ಪದ ಲೈನಿಗೆ ನಾನು ಹೈಡ್ರೋಜನೇಟೆಡ್ ನೈಟ್ರೈಲನ್ನು ಶಿಫಾರಸು ಮಾಡುತ್ತೇನೆ. ಸಾಮಾನ್ಯ ನೈಟ್ರೈಲ್ 100–120 ಡಿಗ್ರಿಯಲ್ಲಿ ತನ್ನ ಮಿತಿಯನ್ನು ಮುಟ್ಟಿರುತ್ತದೆ, ಇದು 150ರ ತನಕ ತಡೆಯುತ್ತದೆ, ಜಿಡ್ಡಿಗೂ ಕಾಸ್ಟಿಕ್‌ಗೂ ಒಗ್ಗುತ್ತದೆ.

ಬಿಚ್ಚಿ ತೆಗೆದ ಹಳೆಯ ಗ್ಯಾಸ್ಕೆಟನ್ನು ಕೂಡಲೇ ಕಸದ ಬುಟ್ಟಿಗೆ ಎಸೆಯಬಾರದು. ಒರೆಸಿ, ಬೆಳಕಿನ ಕೆಳಗೆ ಎರಡು ಬೆರಳುಗಳ ನಡುವೆ ಹಿಡಿದು ಮಡಿಸಿ ನೋಡಿ. ಮಡಿಕೆಯ ಹೊರಬದಿಯಲ್ಲಿ ಸಣ್ಣ ಬಿರುಕುಗಳು ಬಾಯ್ದೆರೆದರೆ ಅದು ಬಿಸಿಗೋ ಆಸಿಡ್‌ಗೋ ಬೆಂದಿದೆ. ಮೆತ್ತಗಾಗಿ, ಜಿಗುಟಾಗಿ, ತೆಗೆದ ಗ್ರೂವಿಗೆ ಮತ್ತೆ ಕೂರದಷ್ಟು ದೊಡ್ಡದಾಗಿದ್ದರೆ ಜಿಡ್ಡು ಕುಡಿದಿದೆ. ಬಿರುಕೂ ಇಲ್ಲ, ಉಬ್ಬೂ ಇಲ್ಲ, ಆದರೆ ದುಂಡಗಿದ್ದ ಅಂಚು ಗ್ರೂವಿನ ಅಚ್ಚಿನಂತೆ ಚಪ್ಪಟೆಯಾಗಿ ಹಾಗೆಯೇ ನಿಂತಿದ್ದರೆ ಅದು ಪುಟಿಯುವ ಗುಣವನ್ನೇ ಕಳೆದುಕೊಂಡಿದೆ. ಇದನ್ನೇ ಕಂಪ್ರೆಷನ್ ಸೆಟ್ ಎನ್ನುವುದು. ಈ ಮೂರರಲ್ಲಿ ಯಾವುದೆಂದು ತಿಳಿದರೆ ಮುಂದೆ ಯಾವ ರಬ್ಬರ್ ಹಾಕಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಕಂಪ್ರೆಷನ್ ಸೆಟ್ ಹೆಚ್ಚಾಗಿ ಕಾಣುವುದು ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನಲ್ಲಿ, ಎಂದರೆ ಸಾಲಾಗಿ ಜೋಡಿಸಿದ ಲೋಹದ ಪ್ಲೇಟುಗಳ ಮೂಲಕ ಹಾಲನ್ನು ಬಿಸಿ ಅಥವಾ ತಂಪು ಮಾಡುವ ಯಂತ್ರದಲ್ಲಿ. ಬೆಳಗಿನ ಹೊತ್ತು ತಣ್ಣನೆಯ ನೀರು ಬಿಟ್ಟಾಗ ಪ್ಲೇಟುಗಳ ನಡುವಿನಿಂದ ತೊಟ್ಟಿಕ್ಕುತ್ತದೆ, ಬಿಸಿಯೇರಿದ ಮೇಲೆ ರಬ್ಬರ್ ಹಿಗ್ಗಿ ನಿಂತುಹೋಗುತ್ತದೆ. ನಿಂತಿತಲ್ಲ ಎಂದು ಸುಮ್ಮನಾಗುವುದು ಅಥವಾ ಫ್ರೇಮಿನ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿಯುವುದು, ಎರಡೂ ಸರಿಯಲ್ಲ. ಪ್ಲೇಟುಗಳ ಒಟ್ಟು ದಪ್ಪ ಎಷ್ಟಕ್ಕಿಂತ ಕಡಿಮೆಯಾಗಬಾರದೆಂದು ತಯಾರಕರು ಕೊಟ್ಟ ಅಳತೆಯನ್ನು ಮೀರಿ ಬಿಗಿದರೆ ಪ್ಲೇಟುಗಳೇ ಸೊಟ್ಟಗಾಗುತ್ತವೆ. ಇಪಿಡಿಎಂ ಕೊಳ್ಳುವಾಗ ಪೆರಾಕ್ಸೈಡ್ ಕ್ಯೂರ್ ಆದದ್ದೇ (ಪೆರಾಕ್ಸೈಡಿನಿಂದ ಹದಗೊಳಿಸಿದ್ದೇ) ಬೇಕೆಂದು ಬರೆದು ಕೇಳುವುದು ಕಂಪ್ರೆಷನ್ ಸೆಟ್ ತಡೆಯಲೆಂದೇ. ಗಂಧಕದಿಂದ ಕ್ಯೂರ್ ಮಾಡಿದ ಅಗ್ಗದ ಇಪಿಡಿಎಂ ನೋಡಲು ಅದರಂತೆಯೇ ಇರುತ್ತದೆ, ಆದರೆ ಬಿಸಿಯಲ್ಲಿ ಬೇಗ ಚಪ್ಪಟೆಯಾಗುತ್ತದೆ.

ದುಬಾರಿಯದನ್ನು ಹಾಕಿದರೆ ಚಿಂತೆಯಿಲ್ಲ ಎಂಬ ನಂಬಿಕೆಯೂ ಇದೆ. ವೈಟಾನ್ ಎಂಬ ಹೆಸರಿನಿಂದ ಎಲ್ಲರಿಗೂ ಗೊತ್ತಿರುವ ಫ್ಲೋರೋ ರಬ್ಬರ್ 200 ಡಿಗ್ರಿಯ ಎಣ್ಣೆಯನ್ನು ತಡೆಯುವ ಉತ್ಕೃಷ್ಟ ವಸ್ತು ನಿಜ. ಆದರೆ ಅದರ ಸಾಮಾನ್ಯ ದರ್ಜೆಗಳು ಸ್ಟೀಮಿಗೆ, ಬಿಸಿ ಕಾಸ್ಟಿಕ್‌ಗೆ, ಅಮೋನಿಯಕ್ಕೆ ಒಗ್ಗುವುದಿಲ್ಲ. ಡೈರಿಯಲ್ಲಿ ಮುಖ್ಯವಾಗಿರುವುದು ಇವೇ ಮೂರು. ಅಮೋನಿಯ ಪ್ಲಾಂಟಿನಲ್ಲಿ ಕಂಪ್ರೆಸರ್ ಆಯಿಲ್ ಕೂಡ ಜೊತೆಗೆ ಸುತ್ತುವುದರಿಂದ ಇಪಿಡಿಎಂ ಕೂಡ ಅಲ್ಲಿಗೆ ಬೇಡ. ಅಮೋನಿಯ, ಆಯಿಲ್ ಎರಡನ್ನೂ ಸಹಿಸುವ ನಿಯೋಪ್ರೀನ್ ರಬ್ಬರ್ ಅಲ್ಲಿ ಸರಿಹೊಂದುತ್ತದೆ. ಟೆಫ್ಲಾನ್ ಬಹುಮಟ್ಟಿಗೆ ಯಾವ ಕೆಮಿಕಲ್‌ಗೂ ಜಗ್ಗುವುದಿಲ್ಲ, 260 ಡಿಗ್ರಿಯನ್ನೂ ತಾಳುತ್ತದೆ, ಆದರೆ ಒತ್ತಡದಲ್ಲಿ ತಣ್ಣಗಿರುವಾಗಲೂ ನಿಧಾನವಾಗಿ ಸರಿದುಹೋಗುತ್ತದೆ. ದಿನವೂ ಬಿಸಿಯಾಗಿ ತಣಿಯುವ ಯೂನಿಯನ್ನಿನಲ್ಲಿ ಶುದ್ಧ ಟೆಫ್ಲಾನ್ ರಿಂಗು ಬಹುಕಾಲ ನಿಲ್ಲುವುದಿಲ್ಲ. ಒಳಗೆ ರಬ್ಬರ್, ಹೊರಗೆ ಟೆಫ್ಲಾನ್ ಹೊದಿಕೆ ಇರುವ ರಿಂಗು ನಿಲ್ಲುತ್ತದೆ.

ಸ್ಟೀಮ್ ಲೈನಿನಲ್ಲಿ ತಪ್ಪು ಆಯ್ಕೆಯ ಪರಿಣಾಮ ಹಾಲು ಕೆಡುವುದಕ್ಕೆ ನಿಲ್ಲುವುದಿಲ್ಲ, ಮನುಷ್ಯರ ಮೈ ಸುಡುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ 10.5 ಕಿಲೋ ಒತ್ತಡದ ಸ್ಯಾಚುರೇಟೆಡ್ ಸ್ಟೀಮ್ ಎಂದರೆ ಸುಮಾರು 186 ಡಿಗ್ರಿ. ಸ್ಟೀಮ್ ಲೈನಿಗೆ ಕತ್ತರಿಸಿ ಹಾಕುವ ನಾನ್ ಆಸ್ಬೆಸ್ಟಾಸ್ (ಕಲ್ನಾರಿಲ್ಲದ) ಶೀಟಿನ ಕ್ಯಾಟಲಾಗಿನಲ್ಲಿ ಇದಕ್ಕಿಂತ ಬಹಳ ಹೆಚ್ಚಿನ ಗರಿಷ್ಠ ತಾಪಮಾನ, ಗರಿಷ್ಠ ಒತ್ತಡ ಎರಡನ್ನೂ ಕೊಟ್ಟಿರುತ್ತಾರೆ. ಆ ಎರಡು ಅಂಕಿಗಳು ಒಟ್ಟಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಓದುವವರು ಕಡಿಮೆ. ಆ ಶೀಟಿನ ನಾರುಗಳನ್ನು ಹಿಡಿದಿಟ್ಟಿರುವುದು ಸಾಮಾನ್ಯವಾಗಿ ನೈಟ್ರೈಲ್ ರಬ್ಬರೇ. ಸ್ಟೀಮಿನಲ್ಲಿ ಆ ರಬ್ಬರ್ ಬೆಂದು ಗಡಸಾದ ಮೇಲೆ ಬೋಲ್ಟನ್ನು ಮತ್ತೆ ಬಿಗಿಯಲು ಹೋದರೆ ಶೀಟು ಸೀಳುತ್ತದೆ. ಹಾಗಾಗಿ ಬಿಸಿಯಾಗಿ ಓಡಿದ ಶೀಟ್ ಗ್ಯಾಸ್ಕೆಟಿನ ಫ್ಲ್ಯಾಂಜನ್ನು (ಬೋಲ್ಟು ಹಾಕಿ ಜೋಡಿಸುವ ಪೈಪಿನ ಅಗಲ ಅಂಚನ್ನು) ಮತ್ತೆ ಬಿಗಿಯಬಾರದು, ಸ್ಟೀಮ್ ಲೈವ್ ಇರುವಾಗಲಂತೂ ಸ್ಪ್ಯಾನರ್ ಮುಟ್ಟಿಸಲೇಬಾರದು.

ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಿಡುವ ಸ್ಟೀಮ್ ಲೈನಿಗೆ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ತಗಡಿರುವ ಗ್ರಾಫೈಟ್ ಶೀಟನ್ನೋ, ಲೋಹದ ಪಟ್ಟಿಯನ್ನು ಸುರುಳಿ ಸುತ್ತಿ ನಡುವೆ ಗ್ರಾಫೈಟ್ ತುಂಬಿದ ಸ್ಪೈರಲ್ ವೂಂಡ್ ಗ್ಯಾಸ್ಕೆಟನ್ನೋ ಹಾಕುವುದು ಒಳಿತು. ಆದರೆ ಸ್ಪೈರಲ್ ವೂಂಡ್ ಎಲ್ಲ ಫ್ಲ್ಯಾಂಜಿಗೂ ಅಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ಪ್ರೆಷರ್ ವೆಸೆಲ್ ಕೋಡಿನ ಪ್ರಕಾರ ಮೆತ್ತನೆಯ ರಬ್ಬರನ್ನು ಕೂರಿಸಲು ಲೆಕ್ಕಕ್ಕೆ ಹಿಡಿಯುವ ಕನಿಷ್ಠ ಒತ್ತಡ ಸೊನ್ನೆ, ಸ್ಟೇನ್‌ಲೆಸ್ ಸ್ಪೈರಲ್ ವೂಂಡಿಗೆ 10,000 ಪಿಎಸ್‌ಐ (ಪ್ರತಿ ಚದರ ಇಂಚಿಗೆ ಪೌಂಡು). ಸಪೂರ ಬೋಲ್ಟುಗಳ ಹಗುರ ಫ್ಲ್ಯಾಂಜು ಆ ಒತ್ತಡವನ್ನು ಕೊಡಲಾರದು. ಕೊಡಲು ಹೊರಟರೆ ಫ್ಲ್ಯಾಂಜೇ ಬಾಗುತ್ತದೆ. ಯಾವುದೇ ಗ್ಯಾಸ್ಕೆಟ್ ಇರಲಿ, ಎದುರುಬದುರು ಬೋಲ್ಟುಗಳನ್ನು ಹಂತಹಂತವಾಗಿ, ಮೊದಲು ಶೇ. 30, ಆಮೇಲೆ 70, ಕೊನೆಗೆ ಪೂರ್ತಿ ಟಾರ್ಕಿಗೆ ಬಿಗಿಯಬೇಕು. ಫ್ಲ್ಯಾಂಜಿನ ಮುಖ ಚೆನ್ನಾಗಿದ್ದರೆ 3 ಮಿ.ಮೀ. ಶೀಟಿಗಿಂತ 1.5 ಮಿ.ಮೀ. ಹೆಚ್ಚು ಭದ್ರ.

ಹಳೆಯ ಸ್ಟೀಮ್ ಲೈನುಗಳಲ್ಲಿ ಆಸ್ಬೆಸ್ಟಾಸ್ ಶೀಟು ಈಗಲೂ ಸಿಗಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಮಾರ್ಚಿನಲ್ಲಿ ಬಿಳಿ ಆಸ್ಬೆಸ್ಟಾಸನ್ನು ನಿಷೇಧಿಸಿದಾಗ ಶೀಟ್ ಗ್ಯಾಸ್ಕೆಟುಗಳನ್ನೂ ಆ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಅದರ ಬಳಕೆಗೆ ಪೂರ್ಣ ನಿಷೇಧವಿಲ್ಲ. ಹಾಗಾಗಿ ಏನೆಂದು ಗೊತ್ತಿಲ್ಲದ ಹಳೆಯ ಶೀಟು ಫ್ಲ್ಯಾಂಜಿಗೆ ಕಚ್ಚಿಕೊಂಡಿದ್ದರೆ ದಯವಿಟ್ಟು ಗ್ರೈಂಡರನ್ನಾಗಲಿ ವೈರ್ ಬ್ರಷ್ಷನ್ನಾಗಲಿ ಹಿಡಿಯಬೇಡಿ. ನೀರಿನಲ್ಲಿ ನೆನೆಸಿ, ಮಾಸ್ಕ್ ಧರಿಸಿ, ಧೂಳೇಳದಂತೆ ಕೈ ಸ್ಕ್ರೇಪರಿನಿಂದ ತೆಗೆಯಿರಿ. ಆ ಧೂಳನ್ನು ಉಸಿರಾಡುವವರು ಬಹಳ ಸಲ ದಿನಗೂಲಿಯ ಹೆಲ್ಪರುಗಳು, ಅವರಿಗೆ ಇದನ್ನು ಹೇಳುವವರೇ ಇರುವುದಿಲ್ಲ.

ಸ್ಟೋರಿನಲ್ಲಿ ಬೆರಕೆಯಾದ ಕಪ್ಪು ರಿಂಗುಗಳನ್ನು ಬೇರ್ಪಡಿಸಲು ಒಂದು ಸುಲಭ ದಾರಿಯಿದೆ. ಪ್ರತಿಯೊಂದರಿಂದ ಚೂರು ಕತ್ತರಿಸಿ, ವರ್ನಿಯರಿನಲ್ಲಿ ದಪ್ಪ ಅಳೆದು, ಡೀಸೆಲ್ಲಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಮತ್ತೆ ಅಳೆಯಿರಿ: ಇಪಿಡಿಎಂ ಎದ್ದು ಕಾಣುವಷ್ಟು ಉಬ್ಬಿರುತ್ತದೆ, ನೈಟ್ರೈಲ್ ಬಹುತೇಕ ಇದ್ದಂತೆಯೇ ಇರುತ್ತದೆ. ಬೆರಕೆಯೇ ಆಗದಿರಬೇಕಾದರೆ ಇಂಡೆಂಟ್ (ಸಾಮಾನಿನ ಬೇಡಿಕೆ ಪತ್ರ) ಬರೆಯುವಾಗಲೇ ಎಚ್ಚರ ಬೇಕು. ‘ಫುಡ್ ಗ್ರೇಡ್ ಗ್ಯಾಸ್ಕೆಟ್, 2 ಇಂಚು’ ಎಂದಷ್ಟೇ ಬರೆದರೆ ಪರ್ಚೇಸ್ ವಿಭಾಗ ಕಡಿಮೆ ದರದ್ದನ್ನು ತರುತ್ತದೆ, ಅದು ಅವರ ತಪ್ಪಲ್ಲ. ರಬ್ಬರಿನ ಹೆಸರು, ಕ್ಯೂರ್ ವಿಧಾನ, ಯಾವ ಲೈನಿಗೆ, ಆ ಲೈನಿನ ಸಿಐಪಿಯ ತಾಪಮಾನ ಎಷ್ಟು, ತಯಾರಾದ ತಿಂಗಳು ಮತ್ತು ವರ್ಷ ಪ್ಯಾಕೆಟ್ಟಿನ ಮೇಲೆ ಇರಬೇಕು ಎಂಬುದನ್ನು ಇಂಡೆಂಟಿನಲ್ಲಿಯೇ ಬರೆಯಿರಿ. ಬಂದ ಮಾಲನ್ನು ಮೊಳೆಗೆ ನೇತುಹಾಕದೆ, ಬಿಸಿಲು ಬೀಳದ, ವೆಲ್ಡಿಂಗ್ ಸೆಟ್ಟಿನಿಂದ ದೂರದ ಕಪಾಟಿನಲ್ಲಿ ಅದೇ ಪ್ಯಾಕೆಟ್ಟಿನಲ್ಲಿಡಿ.