“ಈ ವಾರ ಯಾವ್ದು ಬಂತು? ನೋಡ್ಬಹುದಾ?”

ನನ್ನದು ಅಂಕೋಲಾದಲ್ಲಿ ಒಂದು ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಕಾರ್ಡು, ಹಾಲ್ ಟಿಕೆಟ್ಟು ಇವೇ ದಿನದ ಕೆಲಸ. ಗುರುವಾರ ಸಂಜೆಯಾಯಿತೆಂದರೆ ಕೌಂಟರಿಗೆ ಬಂದವರಲ್ಲಿ ಅರ್ಧ ಜನ ಕಾಗದ ಕೈಗೆ ಕೊಡುವ ಮೊದಲೇ ಕೇಳುತ್ತಾರೆ: “ಈ ವಾರ ಯಾವ್ದು ಬಂತು? ನೋಡ್ಬಹುದಾ?” ಸಿನಿಮಾದ ರಾಷ್ಟ್ರಪ್ರಶಸ್ತಿ ಘೋಷಣೆಯಾದ ವಾರ ಇನ್ನೊಂದು ಸೇರಿಕೊಳ್ಳುತ್ತದೆ: “ಆ ಪ್ರಶಸ್ತಿ ಬಂದದ್ದು ಎಲ್ಲಿ ಸಿಗ್ತದೆ ಮಾರಾಯಾ?” ನಾನು ವಾರಕ್ಕೊಂದು ಸಿನಿಮಾ ನೋಡುವವನು, ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ ಬೆಂಗಳೂರಿನ ಚಿತ್ರೋತ್ಸವಕ್ಕೆ ಹೋಗುವವನು ಎನ್ನುವುದು ಊರಿಗೆಲ್ಲ ಗೊತ್ತು. 12 ವರ್ಷದಿಂದ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಓದಿದ ಮೇಲೆ ಮತ್ತೆ ಕೇಳಬೇಡಿ.

ಮೊದಲು ನೇರ ಉತ್ತರ. ಸಣ್ಣ ಕನ್ನಡ ಸಿನಿಮಾ ಬಂದಿದ್ದರೆ ಶುಕ್ರವಾರವೋ ಶನಿವಾರವೋ ಹೋಗಿಬಿಡಿ. ನಾನು ನೋಡಿ ಬಂದು ಹೇಳುವ ತನಕ ಕಾದರೆ ಅದು ಟಾಕೀಸಿನಲ್ಲಿ ಇರುವುದಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಬೆಂಗಳೂರು, ಹುಬ್ಬಳ್ಳಿಯಲ್ಲೆಲ್ಲ ಓಡಿದ ಮೇಲೆ ರೀಲಿನ ಡಬ್ಬಿ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿತ್ತು. ಬರುವಷ್ಟರಲ್ಲಿ ಪರದೆ ತುಂಬ ಗೀರು, ಬಿಸಿಲಿನ ದೃಶ್ಯದಲ್ಲೂ ಮಳೆ ಹೊಯ್ಯುತ್ತಿತ್ತು. ತಡವಾಗಿ ಬಂದರೂ ಬಂದದ್ದು ನಾಲ್ಕು ದಿನ ನಿಲ್ಲುತ್ತಿತ್ತು. ಈಗ ರೀಲೂ ಇಲ್ಲ, ಡಬ್ಬಿಯೂ ಇಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ ಶುರುವಾದದ್ದು ಇಲ್ಲೂ ಅದೇ ಬೆಳಿಗ್ಗೆ ಶುರುವಾಗಬಹುದು. ಆದರೆ ಭಾನುವಾರ ರಾತ್ರಿ ಗಲ್ಲೆಯ ಲೆಕ್ಕ ನೋಡಿ ಅದರ ಹಣೆಬರಹ ಬರೆದು ಮುಗಿಸಿರುತ್ತಾರೆ. 2025ರ ಜುಲೈಯಲ್ಲಿ ‘ಸು ಫ್ರಮ್ ಸೋ’ ಬಾಯಿಂದ ಬಾಯಿಗೆ ಹಬ್ಬಿ ಬೆಳೆಯಿತಲ್ಲ, ಅದು ಬೆಳೆದದ್ದು ಮೊದಲ ಎರಡು ದಿನ ಯಾರನ್ನೂ ಕೇಳದೆ ಹೋದವರಿಂದ. ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ’ದ ಮೊದಲ ಅಧ್ಯಾಯದಂಥದ್ದಕ್ಕೆ ನನ್ನ ಮಾತಿನ ಅಗತ್ಯವೇ ಇಲ್ಲ. ನೀವು ಕೇಳುವ ಮೊದಲೇ ಟಿಕೆಟ್ ಮಾಡಿಸಿರುತ್ತೀರಿ.

ಇನ್ನು “ನೋಡ್ಬಹುದಾ” ಎಂಬ ಆ ಶಬ್ದ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೀನು ಪೇಟೆಯಲ್ಲಿ ನೀವು ಬಂಗಡೆಯ ಕಿವಿರು ಎತ್ತಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, ಮಾರುವವಳ ಹತ್ತಿರ ಜಗಳವಾಡಿ ತರುತ್ತೀರಿ. ಪಕ್ಕದ ಮನೆಯವನು ಮೂಸಿ “ಚಲೋ ಇದೆ” ಅಂದದ್ದಕ್ಕೆ ಯಾರೂ ಮೀನು ಕೊಳ್ಳುವುದಿಲ್ಲ. ಸಿನಿಮಾಕ್ಕೆ ಮಾತ್ರ ಯಾಕೆ ನನ್ನ ಮೂಗು ಬೇಕು? ನನಗೆ ಚಲೋ ಕಂಡದ್ದನ್ನು ಹೇಳಿ ಬೈಸಿಕೊಂಡದ್ದು ಎಷ್ಟು ಸಲವೋ. “ನೀ ಹೇಳ್ದೆ ಅಂತ ಹೋದೆ, ದುಡ್ಡು ವಸೂಲಾಗ್ಲಿಲ್ಲ” ಎಂದು ಒಬ್ಬರು ಝೆರಾಕ್ಸಿನ ಐದು ರೂಪಾಯಿ ಕೊಡದೆ ಹೋದರು. ಅವರಿಗೆ ಸಿಟ್ಟು ಬಂದದ್ದು ನನಗೆ ಬೇಸರವಿಲ್ಲ. ಸಿನಿಮಾದಲ್ಲಿ ಯಾವ ಜಾಗ ಅವರಿಗೆ ಹಿಡಿಸಲಿಲ್ಲ ಎಂದು ಕೇಳಿದೆ. “ಒಟ್ಟು ಚಲೋ ಇಲ್ಲ” ಅಂದರು. ಬೇಸರ ಅದಕ್ಕೆ.

ಪ್ರಶಸ್ತಿಯ ಪ್ರಶ್ನೆಗೆ ಬರುತ್ತೇನೆ. 2023ರ ಸಾಲಿನ ರಾಷ್ಟ್ರಪ್ರಶಸ್ತಿ ಘೋಷಣೆಯಾದದ್ದು 2025ರ ಆಗಸ್ಟ್ 1ಕ್ಕೆ. ಅತ್ಯುತ್ತಮ ಕನ್ನಡ ಚಿತ್ರ ಯಶೋದಾ ಪ್ರಕಾಶ್ ನಿರ್ದೇಶನದ ‘ಕಂದೀಲು’. ಮರುದಿನ ಜೋರು ಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ, ಝೆರಾಕ್ಸ್ ಮಶೀನು ಮಲಗಿತ್ತು. ಪರಿಚಯದ ಮಾಸ್ತರರೊಬ್ಬರು ಕೊಡೆ ಮಡಚುತ್ತ ಬಂದು, “ತಮ್ಮಾ, ಕಂದೀಲು ಎಲ್ಲಿ ಸಿಗ್ತದೆ?” ಅಂದರು. ಬೆಂಚಿನ ಮೇಲೆ ಕೂತಿದ್ದ ಅಜ್ಜ, “ಈಗೆಲ್ಲಿ ಕಂದೀಲು? ಎದುರು ಹಾರ್ಡ್‌ವೇರಿನಲ್ಲಿ ಚಾರ್ಜಿಂಗ್ ಲೈಟಿದೆ, ಅದೇ ತಕೊಳ್ಳಿ” ಅಂದ. ನಾವು ಮೂವರೂ ನಕ್ಕೆವು. ಮಾಸ್ತರರು ಹೋದ ಮೇಲೆ ನನಗೆ ಅಜ್ಜನ ಉತ್ತರವೇ ಸರಿ ಅನ್ನಿಸಿತು. ಆ ದಿನ ಅವರಿಗೆ ನಮ್ಮ ಪೇಟೆಯಲ್ಲಿ ಕೊಡಲು ನನ್ನ ಹತ್ತಿರ ಯಾವ ಕಂದೀಲೂ ಇರಲಿಲ್ಲ.

ಪ್ರಶಸ್ತಿಯ ದಾರಿಯೇ ಬೇರೆ, ಟಾಕೀಸಿನ ದಾರಿಯೇ ಬೇರೆ. ರಾಷ್ಟ್ರಪ್ರಶಸ್ತಿಗೆ ಲೆಕ್ಕ ಹಿಡಿಯುವುದು ಆ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗಿನ ಸೆನ್ಸಾರ್ ದಿನಾಂಕವನ್ನು. ‘ಡೊಳ್ಳು’ವಿಗೆ 2020ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿ ಎಂದು 2022ರ ಜುಲೈಯಲ್ಲಿ ಹೇಳಿದರು, ಟಾಕೀಸಿಗೆ ಬಂದದ್ದು ಆಗಸ್ಟಿನಲ್ಲಿ. ರಾಜ್ಯ ಪ್ರಶಸ್ತಿಯದ್ದು ಇನ್ನೂ ನಿಧಾನ. 2019ರ ಸಾಲಿನದ್ದು ಘೋಷಣೆಯಾಗಲು 2025ರ ಜನವರಿ ಬರಬೇಕಾಯಿತು. ಗಾಂಧೀಜಿಯ ಬಾಲ್ಯದ ಕುರಿತ, ಪಿ. ಶೇಷಾದ್ರಿಯವರ ‘ಮೋಹನದಾಸ’ ಮೊದಲ ಅತ್ಯುತ್ತಮ ಚಿತ್ರ. ಅದನ್ನು ನೋಡಬೇಕಿದ್ದ ಏಳನೇ ತರಗತಿಯ ಹುಡುಗ ಅಷ್ಟೊತ್ತಿಗೆ ಪಿಯುಸಿ ಮುಗಿಸಿದ್ದ. ಚಿದಾನಂದ ನಾಯ್ಕ ಎಂಬ ತರುಣ 16 ನಿಮಿಷದ ಕನ್ನಡ ಚಿತ್ರ ಮಾಡಿ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದರು. ಮುದುಕಿಯೊಬ್ಬಳು ಊರಿನ ಹುಂಜ ಕದ್ದಳು, ಬೆಳಗಾಗುವುದೇ ನಿಂತಿತು ಎನ್ನುವ ಕಥೆ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಕಥೆ ಕಾನಿಗೆ ಹೋಗಿ ಬಂತು, ಅಂಕೋಲೆಗೆ ಬರಲಿಲ್ಲ.

ಎಲ್ಲಿ ಸಿಗ್ತದೆ ಎಂದು ಕೇಳುವವರು, ಇಲ್ಲಿಗೆ ಯಾಕೆ ಬರಲಿಲ್ಲ ಎಂದು ಒಂದೇ ಒಂದು ಸಲ ಕೇಳಬಾರದೇ? ಅದಕ್ಕೆ ನನ್ನ ಹತ್ತಿರ ಉತ್ತರವಿದೆ. ನಾನು ಟಾಕೀಸಿನವರನ್ನು ಹೋಗಿ ಕೇಳಿದ್ದೇನೆ. ಅವರೇನೂ ಕೆಟ್ಟವರಲ್ಲ. “ನೂರು ಜನ ಬರ್ತಾರೆ ಅಂತ ಬರೆದು ಕೊಡು, ನಾಳೆ ಬೆಳಗಿನ ಆಟ ನಿಂದು” ಅಂದರು. ಪೇಟೆಯೆಲ್ಲ ತಿರುಗಿದೆ. ಪ್ರಶಸ್ತಿ ಬಂದದ್ದು ಅಂದ ಕೂಡಲೇ, “ಓ, ಆ ನಮೂನಿದಾ?” ಅಂದರು. ಹನ್ನೊಂದು ಹೆಸರು ಸಿಕ್ಕಿತು. ಬೇಕಾದರೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು. ಹೋಗಲು ಮೂರು ತಾಸು, ಬರಲು ಮೂರು ತಾಸು. ಅಲ್ಲೂ ಇರುವುದು ಖಾತ್ರಿಯಿಲ್ಲ.

ಇದೇ ಜನ ಯಕ್ಷಗಾನದ ಆಟಕ್ಕೆ ಹೋಗುವಾಗ ಹೀಗೆ ಕೇಳುವುದಿಲ್ಲ. ಯಕ್ಷಗಾನ ಇದೆ ಎಂದು ಗೊತ್ತಾದರೆ ನಮ್ಮ ಜಿಲ್ಲೆಯವರ ಬಾಯಲ್ಲಿ ಬರುವುದು, “ಭಾಗವತರು ಯಾರು? ಮದ್ದಲೆ ಯಾರದ್ದು? ಭಸ್ಮಾಸುರ ಯಾರು ಮಾಡ್ತ್ರು?” ಕಥೆ ಗೊತ್ತಿದ್ದದ್ದೇ. ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎನ್ನುವುದಕ್ಕೆ ರಾತ್ರಿಯಿಡೀ ಕೂರುತ್ತಾರೆ. ಬೆಳಿಗ್ಗೆ ಚಹಾದಂಗಡಿಯಲ್ಲಿ ಯಾವ ಪದ್ಯಕ್ಕೆ ಕುಣಿತ ಏರಿತು, ಎಲ್ಲಿ ಅರ್ಥದ ಮಾತು ಸೋತಿತು ಎಂದು ವಾದ ಮಾಡುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ, “ಇವರ ಕುಣಿತ ಎಲ್ಲಿ ಸಿಗ್ತದೆ?” ಎಂದು ಹೊನ್ನಾವರದಲ್ಲಿ ಯಾರೂ ಕೇಳಲಿಲ್ಲ. ಪ್ರಶಸ್ತಿ ಬರುವ ಎಷ್ಟೋ ವರ್ಷ ಮೊದಲೇ ನೋಡಿ ಮುಗಿಸಿದ್ದರು, ಹೊಗಳಿದ್ದರು, ಬೈದೂ ಇದ್ದರು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲು ತಂದ 1970ರ ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದು ನಟಿಸಿದ ಗಿರೀಶ ಕಾರ್ನಾಡರು ಚಿಕ್ಕಂದಿನಲ್ಲಿ ಶಿರಸಿಯಲ್ಲಿ ನೋಡಿ ಬೆಳೆದದ್ದು ಈ ಆಟಗಳನ್ನೇ. ನೋಡಲು ಬಾರದ ಜನ ನಾವಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಟಾಕೀಸು ಸಿಗದೇ ಇದ್ದಾಗ ನಾವು ನಾಲ್ಕು ಜನ ಸೇರಿ, ಅನುಮತಿ ತೆಗೆದುಕೊಂಡು, ಶಾಲೆಯೊಂದರ ಸಭಾಭವನದಲ್ಲಿ ‘ದ್ವೀಪ’ ತೋರಿಸಿದೆವು. ನಾ. ಡಿಸೋಜರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿ ಮಾಡಿದ್ದು, 2001ರ ಸ್ವರ್ಣಕಮಲ. ಶರಾವತಿಯ ಹಿನ್ನೀರು ಏರುತ್ತದೆ, ಊರು ಖಾಲಿಯಾಗುತ್ತದೆ, ಗುಡ್ಡದ ಮೇಲಿನ ಅರ್ಚಕರ ಮನೆಯೊಂದು ಉಳಿಯುತ್ತದೆ. ಆ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುವ ನಮ್ಮದೇ ಹೊಳೆ. ಮದುವೆಗೆ ಬಾಡಿಗೆ ಕೊಡುವವರ ಪ್ರೊಜೆಕ್ಟರು, ಬಿಳಿ ಬಟ್ಟೆ, 60 ಕುರ್ಚಿ. ಬಂದವರು 34. ತಗಡಿನ ಮಾಡಿನ ಮೇಲೆ ಹೊರಗಿನ ಮಳೆ, ಎಚ್.ಎಂ. ರಾಮಚಂದ್ರ ಹಾಲ್ಕೆರೆ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮಳೆ ಒಳಗೆ. ಯಾವ ಸದ್ದು ಯಾವುದರದ್ದು ಎಂದು ಗೊತ್ತಾಗುತ್ತಿರಲಿಲ್ಲ.

ನನ್ನ ದೊಡ್ಡಮ್ಮನನ್ನು ರಿಕ್ಷಾ ಮಾಡಿ ಕರೆತಂದಿದ್ದೆ. ಯೋಜನೆಯೊಂದಕ್ಕೆ ಊರು ಬಿಟ್ಟುಕೊಟ್ಟು ಬಂದವಳು. ನೀರು ಮೆಟ್ಟಿಲ ಹತ್ತಿರ ಬಂದಾಗ ಸಭೆಗೆಲ್ಲ ಕೇಳುವಂತೆ ಅಂದಳು: “ಇವರೆಂತ ಇನ್ನೂ ಹಂಚು ಇಳಿಸ್ಲಿಲ್ಲ?”

ಹಿಂದಿನಿಂದ ಯಾರೋ, “ಅವರು ಮನೆ ಬಿಡೂದಿಲ್ಲ ಅಮ್ಮಾ” ಅಂದರು.

“ಬಿಡೂದಿಲ್ಲ ಅಂತ್ಲೇ ನಾವೂ ಹೇಳಿದ್ದು” ಅಂದಳು ದೊಡ್ಡಮ್ಮ.

ಆಮೇಲೆ ಮುಗಿಯುವ ತನಕ ಬಾಯಿ ತೆರೆಯಲಿಲ್ಲ. ವಾಪಸ್ ಬರುವಾಗ ರಿಕ್ಷಾದಲ್ಲಿ ಹೇಳಿದಳು: ಹಂಚು ಇಳಿಸಿ ಒಂದು ಲಾರಿ ತುಂಬಿದ್ದು, ಅರ್ಧ ದಾರಿಯಲ್ಲೇ ಒಡೆದದ್ದು, ಹಳೇ ಮನೆಯ ದಾರಂದ, ಅಂದರೆ ಬಾಗಿಲ ಚೌಕಟ್ಟು, ಹೊಸ ಸೈಟಿನ ಮನೆಗೆ ದೊಡ್ಡದಾಗಿ ಕೂರದೇ ಹೋದದ್ದು. ಆ ದಾರಂದ ಅವಳ ಹಿತ್ತಲಲ್ಲಿ ಸೌದೆಯ ಪಕ್ಕ ಗೋಡೆಗೊರಗಿ ನಿಂತಿರುವುದನ್ನು ನಾನು ಸಾವಿರ ಸಲ ನೋಡಿದ್ದೆ. ಅದರ ಮೇಲೆ ಒದ್ದೆ ಬಟ್ಟೆ ಹರವಿದ್ದೆ. ಎಂತದು ಇದು ಎಂದು ಕೇಳಿರಲಿಲ್ಲ.

ಸಿನಿಮಾ ಚಲೋ ಇತ್ತಾ ಇಲ್ಲವಾ ಎಂದು ಅವಳು ಇವತ್ತಿನ ತನಕ ಹೇಳಿಲ್ಲ, ನಾನೂ ಕೇಳಿಲ್ಲ. ವಾರ ಬಿಟ್ಟು ಮನೆಗೆ ಹೋದಾಗ ಅವಳೇ ಕೇಳಿದಳು: “ಮಳೆಯಲ್ಲಿ ಒಬ್ಬಳೇ ಮನೆ ಕಾಯ್ತಿತ್ತಲ್ಲ ಆ ಹುಡುಗಿ, ಯಾರು ಅದು?” ಸೌಂದರ್ಯ ಎಂದೆ. ಆ ಸಿನಿಮಾಕ್ಕೆ ದುಡ್ಡು ಹಾಕಿದವಳೂ ಅವಳೇ ಎಂದೆ. 2004ರಲ್ಲಿ ವಿಮಾನ ಬಿದ್ದು ತೀರಿಕೊಂಡದ್ದನ್ನೂ ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಹೀರೇಕಾಯಿ ಹೆರೆಯುವುದನ್ನು ನಿಲ್ಲಿಸಿದಳು.

“ಅವಳದ್ದು ಇನ್ನೊಂದಿದ್ರೆ ತೋರ್ಸು” ಅಂದಳು. “ರಿಕ್ಷಾ ಬಾಡಿಗೆ ನಾನೇ ಕೊಡ್ತೆ.”